ಗೂಟದ ಮೇಲಿದ್ದ ಕಂಬಳಿ

"ಬಾಯಾರ, ಇನ್ನಾ ಎಷ್ಟೊತ್ತು ಗುರ್ ಅಂತದ್ರಿ ನಿಮ್ಮ ಡಬ್ಬಿ?"

ಬಾಗಿಲಾಚೆಯಿಂದ ವೈಜನಾಥ ಕೇಳಿದ್ದು ಇದು ಮೂರನೇ ಸಲ. ಜಯಮಾಲಾ ಕೈಗಡಿಯಾರದಿಂದ ಕಣ್ಣೆತ್ತಲಿಲ್ಲ. ಕೋಣೆಯ ನಟ್ಟನಡುವೆ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಅವಳ ಪಂಪು ನಿಂತಿತ್ತು. ಅದರ ಮೂತಿಗೆ ಸಿಕ್ಕಿಸಿದ ಪುಟ್ಟ ಡಬ್ಬಿಯೊಳಗೆ ಅಂಟು ಸವರಿದ ಗಾಜಿನ ಚೂರು. ಕೋಣೆಯ ಗಾಳಿಯಲ್ಲಿ ಏನೇನು ಹಾರಾಡುತ್ತಿದೆಯೋ ಅದೆಲ್ಲ ಬಂದು ಆ ಗಾಜಿಗೆ ಅಂಟಬೇಕು. ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ. ನಡುವೆ ಯಾರಾದರೂ ಬಾಗಿಲು ತೆರೆದರೆ ಅಷ್ಟೂ ಕೆಲಸ ಮಣ್ಣುಪಾಲು.

"ನಾಕ ನಿಮಿಷ್ರಿ. ಬಾಗಲಾ ತಗದ್ರಿ ಅಂದ್ರ ಮತ್ತ ಮೊದಲಿಂದ."

"ನಾಕ ಗಂಟೆಕ್ಕ ಪಂಚರು ಕೂಡ್ತಾರ. ಗೊತ್ತದಲ್ಲ?"

"ಗೊತ್ತದ್ರಿ."

ಗೊತ್ತಿಲ್ಲದೆ ಏನು! ಬೆಳಗಿನಿಂದ ಅವಳ ತಲೆಯಲ್ಲಿ ಓಡುತ್ತಿದ್ದುದು ಅದೊಂದೇ. ಹನ್ನೆರಡು ದಿನದ ಹಿಂದೆ, ಎರಡೂವರೆ ತಿಂಗಳು ಕೆಮ್ಮಿ ಕೆಮ್ಮಿ, ಬೀರಪ್ಪನ ಪೂಜಾರಿ ಅಮೃತಪ್ಪ ಈ ಕೋಣೆಯಲ್ಲೇ ಉಸಿರು ಬಿಟ್ಟಿದ್ದ. ಅವನಿಗೆ ದಿನವೂ ಅಂಬಲಿ ಕುಡಿಸುತ್ತಿದ್ದ ಕಿರಿಸೊಸೆ ಅನುಸೂಯಾಳೇ ಭಾನಾಮತಿ ಮಾಡಿ ಕೊಂದಳು ಎಂದು ಓಣಿಯೆಲ್ಲ ತೀರ್ಮಾನ ಮಾಡಿಯಾಗಿತ್ತು.

ಪಂಚರು ಅದಕ್ಕೆ ಹೌದೆಂದರೆ ಅನುಸೂಯಾ ಇವತ್ತೇ ವಲಾಂಡಿಯ ತವರಿಗೆ ಹೊರಡಬೇಕು. ಅವಳ ಹದಿನಾಲ್ಕು ತಿಂಗಳ ಮಗಳು ಸುಗಂಧಾ ಇಲ್ಲೇ, ದೊಡ್ಡಮ್ಮ ಶಿವಕಾಂತಾಳ ಹತ್ತಿರ ಉಳಿಯಬೇಕು. ಅಮೃತಪ್ಪನ ಹಿರಿಮಗ ವೈಜನಾಥನ ಹೆಂಡತಿ ಶಿವಕಾಂತಾಳಿಗೆ ಮಕ್ಕಳಿಲ್ಲ. ಇದನ್ನು ಜಯಮಾಲಾ ಮರೆತಿರಲಿಲ್ಲ.

ಗಂಟೆ ಈಗ ಒಂದೂವರೆ. ಪಂಪು ಟಕ್ಕೆಂದು ನಿಂತಿತು.

ನಿಲಂಗಾದ ಬಸ್ ಸ್ಟ್ಯಾಂಡಿನ ಎದುರು ಜಯಮಾಲಾಳ ಪುಟ್ಟ ಅಂಗಡಿ. ಭಾಲ್ಕಿಯ ಹುಡುಗಿ, ನಿಲಂಗಾಕ್ಕೆ ಸೊಸೆಯಾಗಿ ಬಂದವಳು, ಪುಣೆಯ ಪ್ರಯೋಗಾಲಯವೊಂದರಲ್ಲಿ ಆರು ವರ್ಷ ದುಡಿದು ಕಲಿತವಳು. ಮನೆಗಳ ಗಾಳಿ, ಗೋಡೆಯ ತೇವ, ಮೂಲೆಯ ಬೂಸ್ಟು ಪರೀಕ್ಷೆ ಮಾಡುವುದು ಅವಳ ಕಸುಬು. ಜನ ಅವಳನ್ನು ಹವಾಬಾಯಿ ಅನ್ನುತ್ತಾರೆ. ಅನ್ನಲಿ ಬಿಡಿ, ಅದರಲ್ಲಿ ಅವಳಿಗೆ ಬೇಸರವಿಲ್ಲ.

ಅವಳನ್ನು ಇಲ್ಲಿಗೆ ಕರೆಸಿದ್ದು ಅನುಸೂಯಾಳ ಗಂಡ ಧೂಳಪ್ಪ. ಅಪ್ಪನ ಮಣ್ಣು ಮುಗಿಸಿ ಮರುದಿನವೇ ಅವನು ದೇವಣಿ ಕಡೆ ತನ್ನ ಕುರಿಹಿಂಡಿಗೆ ವಾಪಸು ಹೋಗಿದ್ದ. ಅಲ್ಲಿಂದಲೇ ಫೋನು. "ಉಮರ್ಗಾದ ಡಾಕ್ಟರ್ ಎದಿಯಾಗ ಬುರಶಿ ಬೆಳದದ, ಮನೀ ಹವಾ ನೋಡಸ್ರಿ ಅಂದಿದ್ರು. ನೋಡ್ರಿ ಬಾಯಾರ. ನನ್ನ ಹೆಣ್ತಿ ಹಂಥಾಕಿ ಅಲ್ಲ." ಬುರಶಿ ಅಂದರೆ ಈ ಕಡೆಯ ಮಾತಿನಲ್ಲಿ ಬೂಸ್ಟು. ನಾಲ್ಕು ದಿನದಿಂದ ಅವನ ಫೋನು ಮಾತ್ರ ಹತ್ತುತ್ತಿಲ್ಲ.

ಅಂಗಳದ ಕಟ್ಟೆಯ ಮೇಲೆ ಅವಳು ಸೂಕ್ಷ್ಮದರ್ಶಕ ಇಟ್ಟು ಕೂತಳು. ಗಾಜಿನ ಮೇಲೆ ನೀಲಿ ಬಣ್ಣದ ಒಂದು ಹನಿ, ಅದರ ಮೇಲೆ ತೆಳು ಮುಚ್ಚಳ. ಪಕ್ಕಾ ವರದಿ ಬೇಕೆಂದರೆ ಪುಣೆಗೆ ಕಳಿಸಿ ವಾರ ಕಾಯಬೇಕು. ಇವತ್ತು ವಾರ ಎಲ್ಲಿದೆ?

ಎಂಟು ದಿನದ ಹಿಂದೆ ಮೊದಲ ಸಲ ಬಂದಾಗ ಇದೇ ಕೋಣೆಯ ಗಾಜಿನಲ್ಲಿ ಸಾವಿರದ ನೂರಕ್ಕೂ ಮೇಲೆ ಬೂಸ್ಟಿನ ಬೀಜಕಣ ಎಣಿಸಿದ್ದಳು. ಅಂಗಳದ ಗಾಳಿಯಲ್ಲಿ ಬರೀ ನಲವತ್ತು. ಗೋಡೆಗೆ ಮೀಟರು ಒತ್ತಿದರೆ ಗೋಡೆ ಒಣ. ಮಳೆ ನಿಂತು ಎರಡು ತಿಂಗಳ ಮೇಲಾಗಿದೆ, ಪುಷ್ಯದ ಚಳಿಗೆ ತುಟಿ ಒಡೆಯುತ್ತಿದೆ, ಇಂಥ ಒಣಗಾಲದಲ್ಲಿ ಇಷ್ಟೊಂದು ಬೂಸ್ಟು ಎಲ್ಲಿಂದ? ಅದನ್ನು ಪತ್ತೆ ಮಾಡಲೆಂದೇ ಇವತ್ತಿನ ಎರಡನೇ ಪರೀಕ್ಷೆ.

ಎಣಿಸಿದಳು. ಮೂವತ್ತೆಂಟು.

ಇನ್ನೊಮ್ಮೆ ಎಣಿಸಿದಳು. ಮೂವತ್ತೆಂಟೇ.

"ಎಷ್ಟದ್ರಿ?" ವೈಜನಾಥ ಅವಳ ಹೆಗಲ ಹಿಂದೆಯೇ ನಿಂತಿದ್ದ. ಎತ್ತರದ ಆಳು, ಅಪ್ಪ ಸತ್ತಾಗಿನಿಂದ ಗಡ್ಡ ತೆಗೆದಿಲ್ಲ, ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿವೆ.

ಸುಳ್ಳು ಹೇಳಬಹುದಿತ್ತು. ಆ ವಿದ್ಯೆ ಅವಳಿಗೆ ಬರುತ್ತಿರಲಿಲ್ಲ. "ಕಮ್ಮಿ ಅದ. ಹೊರಗ ಎಷ್ಟದೋ ಒಳಗೂ ಅಷ್ಟೇ."

"ಅಂದ್ರ ಹವಾ ಸ್ವಚ್ಛ ಆಗ್ಯಾದ?"

"ಆಗ್ಯಾದ್ರಿ."

ವೈಜನಾಥ ತೊಡೆ ತಟ್ಟಿಕೊಂಡ. "ನೋಡ್ರಿ ಮತ್ತ! ಆಕಿ ಇದ್ದಾಗ ಹೊಲಸು. ಆಕಿನ ಹೊರಗ ಹಾಕಿ ಎಂಟ ದಿನ ಆತು, ಹವಾ ಸ್ವಚ್ಛ. ಇನ್ನ ಸಾಕ್ಷಿ ಏನ್ ಬೇಕ್ರಿ? ಪಂಚರ ಮುಂದ ಇದಿಷ್ಟ ಹೇಳಿಬಿಡ್ರಿ, ನಿಮ್ಮ ಬಾಯಿಂದನೇ."

ಅನುಸೂಯಾಳನ್ನು ಉಳಿಸಲೆಂದು ಹೊತ್ತು ತಂದ ಪಂಪು ಅನುಸೂಯಾಳ ವಿರುದ್ಧವೇ ಸಾಕ್ಷಿ ಹೇಳುತ್ತಿದೆ! ಜಯಮಾಲಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಇವತ್ತು ಬರದೇ ಇದ್ದಿದ್ದರೆ ಆಗುತ್ತಿತ್ತು ಅನ್ನಿಸಿತು.

ಅನ್ನಿಸಿದ್ದು ಒಂದೇ ಗಳಿಗೆ. ಮರುಗಳಿಗೆಗೆ ಅವಳು ಎದ್ದು ಮತ್ತೆ ಕೋಣೆಗೆ ನುಗ್ಗಿದಳು. ಗಾಳಿ ತಾನಾಗಿ ಸ್ವಚ್ಛವಾಗುವುದಿಲ್ಲ. ಬೂಸ್ಟು ಯಾವುದರ ಮೇಲೆ ಬೆಳೆದಿತ್ತೋ ಅದು ಈ ಕೋಣೆಯಿಂದ ಹೊರಗೆ ಹೋಗಿದೆ, ಅಷ್ಟೇ.

ಪುಣೆಯಲ್ಲಿ ಅವಳಿಗೆ ಹತ್ತಿದ ಒಂದು ಚಟ ಇತ್ತು. ಪಂಪು ಹಚ್ಚುವ ಮೊದಲು ಕೋಣೆಯಲ್ಲಿರುವ ಪ್ರತಿ ಸಾಮಾನನ್ನೂ ಕಾಗದದಲ್ಲಿ ಬರೆಯಬೇಕು, ನಾಲ್ಕೂ ಗೋಡೆಯ ಫೋಟೋ ತೆಗೆಯಬೇಕು. ಊರಿನವರು ನಗುತ್ತಾರೆ, "ನಮ್ಮ ಬೋಗಾಣಿ ಬರಕೊಂಡು ಏನ್ ಮಾಡ್ತೀರಿ" ಅನ್ನುತ್ತಾರೆ. ನಗಲಿ.

ಎಂಟು ದಿನದ ಹಿಂದಿನ ಕಾಗದ ತೆಗೆದು ಒಂದೊಂದೇ ಗೆರೆ ಓದಿದಳು. ಹೊರಸು ಇದೆ. ಟ್ರಂಕು ಇದೆ. ನೀರಿನ ಕೊಡ, ಕ್ಯಾಲೆಂಡರು, ಚೀಲ ತುರುಕಿದ ಕಿಟಕಿ, ಎಲ್ಲ ಇವೆ. ಏಳನೇ ಗೆರೆ: "ಕರಿ ಕಂಬಳಿ ಒಂದು, ಮಡಚಿ ಗೂಟಕ್ಕೆ ಹಾಕಿದ್ದು."

ತಲೆಯೆತ್ತಿದಳು. ಗೂಟ ಇತ್ತು. ಕಂಬಳಿ ಇರಲಿಲ್ಲ.

ಆ ಕಂಬಳಿಯ ಕಥೆ ಈ ವಸ್ತಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇಪ್ಪತ್ತೈದು ವರ್ಷದ ಹಿಂದೆ ಭೂಕಂಪದಲ್ಲಿ ಹಳೆ ಊರು ಕುಸಿದು ಬಿದ್ದಾಗ, ಒಂದೂವರೆ ದಿನದ ಮೇಲೆ ಕಲ್ಲು ಮಣ್ಣು ಸರಿಸಿ ಅಮೃತಪ್ಪನನ್ನು ಜೀವಂತ ಎತ್ತಿದರು. ತಲೆಯ ಮೇಲೆ ಇದೇ ಕಂಬಳಿ ಹೊದ್ದಿದ್ದನಂತೆ. ಗುಂಜೋಟಿಯ ಆಚೆಗೆ ಈ ಹೊಸ ವಸ್ತಿ ಎದ್ದಾಗ, ಬೀರಪ್ಪನೇ ಕಾಯ್ದ ಮನುಷ್ಯ ಎಂದು ಪೂಜಾರಿಕೆ ಅವನ ಹೆಗಲಿಗೆ ಬಂತು. ಅಂದಿನಿಂದ ಅದು ದೇವರ ಕಂಬಳಿ. ಪೂಜಾರಿ ಬಿಟ್ಟರೆ ಯಾರೂ ಮುಟ್ಟುವಂತಿಲ್ಲ, ಹೆಂಗಸರಂತೂ ಹತ್ತಿರ ಸುಳಿಯುವಂತಿಲ್ಲ. ಬರುವ ಅಮಾವಾಸ್ಯೆಗೆ ಅದನ್ನು ವೈಜನಾಥನ ಹೆಗಲಿಗೆ ಹಾಕಬೇಕು.

ಜಯಮಾಲಾ ಗೂಟದ ಕೆಳಗಿನ ಗೋಡೆಗೆ ಟಾರ್ಚು ಬಿಟ್ಟಳು. ಹೊಗೆ ಹಿಡಿದ ಗೋಡೆಯಲ್ಲಿ ಕಂಬಳಿ ನೇತಾಡಿದಷ್ಟು ಜಾಗ ಬಿಳಿಚಿಕೊಂಡಿತ್ತು. ಅದರ ಅಂಚಿಗೆ ಬೂದು ಹಸಿರು ಧೂಳು. ಪಾರದರ್ಶಕ ಟೇಪಿನ ತುಂಡೊಂದನ್ನು ಅಲ್ಲಿ ಒತ್ತಿ ಕಿತ್ತು, ಗಾಜಿಗೆ ಅಂಟಿಸಿ ನೋಡಿದಳು.

ಸಿಕ್ಕಿತು! ಅದೇ ಬೂಸ್ಟು, ಸರ ಸರವಾಗಿ. ಅದರ ನಡುವೆ ಕುರಿಯ ಕರಿ ಕೂದಲು. ಕೂದಲಿಗೆ ಅಂಟಿಕೊಂಡು ಇನ್ನೊಂದು ಏನೋ ಇತ್ತು, ತೆಳ್ಳನೆಯ ಸಿಪ್ಪೆಯಂಥದ್ದು. ಅದೇನೆಂದು ಮೊದಲಿಗೆ ತಿಳಿಯಲಿಲ್ಲ. ಗಾಯಕ್ಕೆ ಹಚ್ಚುವ ಅಯೋಡಿನ್ ಬಾಟಲಿ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು, ಒಂದು ಹನಿ ಬಿಟ್ಟಳು. ಸಿಪ್ಪೆ ನೀಲಿಯಾಯಿತು.

ಭಾಲ್ಕಿಯಲ್ಲಿ ಅವರ ಮನೆಯ ಹಿಂದೆಯೇ ಕಂಬಳಿ ನೇಯುವವರ ಓಣಿ. ಹುಣಸೆಬೀಜ ಅರೆದು, ಕುದಿಸಿ, ಆ ಗಂಜಿಯನ್ನು ಕಂಬಳಿಗೆ ತಿಕ್ಕುತ್ತಿದ್ದರು, ಕಂಬಳಿ ಬಿರುಸಾಗಿ ನಿಲ್ಲಲಿ ಎಂದು. ಇದು ಆ ಗಂಜಿ. ಇಪ್ಪತ್ತೈದು ವರ್ಷ ಹೆಗಲ ಮೇಲೆ ಸವೆದ ಕಂಬಳಿಯಲ್ಲಿ ಗಂಜಿ ಎಲ್ಲಿ ಉಳಿದಿರುತ್ತದೆ? ಯಾರೋ ಈಚೆಗೆ ಹೊಸದಾಗಿ ಹಚ್ಚಿಸಿದ್ದಾರೆ. ಬೂಸ್ಟಿಗೆ ಅದಕ್ಕಿಂತ ಒಳ್ಳೆಯ ಊಟ ಬೇರೆ ಬೇಕೆ!

ಗಂಟೆ ಮೂರೂಕಾಲು. ಅವಳು ಚೀಲ ಎತ್ತಿಕೊಂಡು ಓಣಿಯ ಕೊನೆಗೆ ನಡೆದಳು, ನಡೆದಳು ಅನ್ನುವುದಕ್ಕಿಂತ ಓಡಿದಳು.

ಭೂಕಂಪವಾದ ವರ್ಷ ಜನರಿಗೆಂದು ಹಾಕಿದ ತಗಡಿನ ಶೆಡ್ಡುಗಳಲ್ಲಿ ಒಂದು ಇನ್ನೂ ಅಲ್ಲಿ ನಿಂತಿದೆ. ಈಗ ಅದರಲ್ಲಿ ದನದ ಮೇವಿನ ಕಣಿಕೆ ತುಂಬಿಡುತ್ತಾರೆ. ಎಂಟು ದಿನದಿಂದ ಅನುಸೂಯಾಳನ್ನೂ ಅಲ್ಲೇ ಇಟ್ಟಿದ್ದರು. ಊಟ ತಂದು ಹೊರಗಿಟ್ಟು ಹೋಗುತ್ತಾರೆ. ಮನೆಯ ಹೊಸ್ತಿಲು ತುಳಿಯಕೂಡದೆಂದು ಅಪ್ಪಣೆ.

ಇಪ್ಪತ್ತೆರಡು ವರ್ಷದ ಹುಡುಗಿ. ಜಯಮಾಲಾಳನ್ನು ಕಂಡವಳೇ ಎದ್ದು ನಿಂತಳು.

"ಯಕ್ಕಾ, ಸುಗಂಧಾ ಉಂಡಾಳೇನ್ರಿ? ಅಳ್ಲತ್ತಾಳೇನು?"

"ಮಲಗ್ಯಾಳ. ಒಳಗ ತೊಟ್ಟಲದಾಗ ಇದ್ದಾಳ, ನಾ ನೋಡಿಲ್ಲ." ಜಯಮಾಲಾ ಅವಳ ಕೈ ಹಿಡಿದು ಕೂರಿಸಿದಳು. "ಅನುಸೂಯಾ, ಹೊತ್ತಿಲ್ಲ. ಖರೇ ಹೇಳು. ಮುತ್ಯಾನ ಕಂಬಳಿಗಿ ಗಂಜಿ ಹಚ್ಚಿದವರ್ಯಾರು?"

ಹುಡುಗಿ ಕೈ ಬಿಡಿಸಿಕೊಂಡಳು.

"ನಿಮಗ ಯಾರ್ ಹೇಳಿದ್ರು?"

"ಗೋಡಿ ಹೇಳ್ತು. ನೀ ಹೇಳು."

"ಮಾವನೇ ಕಳಸಿದ್ರು ಯಕ್ಕಾ." ಅವಳ ದನಿ ಇಳಿಯಿತು. "ದಸರಾ ಮುಂದ. ಕಂಬಳಿ ಮೆತ್ತಗ ಆಗ್ಯಾದ, ಹೆಗಲ ಮ್ಯಾಲ ನಿಂದ್ರವಲ್ದು, ದೇವರ ಮುಂದ ಹ್ಯಾಂಗ ಹೊತಗೊಂಡು ನಿಂದ್ರಲಿ ಅಂದ್ರು. ಗುಂಜೋಟಿ ಉಮಾಬಾಯಿ ಹಂತ್ಯಾಕ ಒಯ್ದು ಗಂಜಿ ಹಚ್ಚಿಸಿಕೊಂಡು ಬಾ, ಯಾರಿಗೂ ಹೇಳಬ್ಯಾಡ ಅಂದ್ರು."

"ಹೆಂಗಸರು ಮುಟ್ಟಂಗಿಲ್ಲ ಅಂತಾರಲ್ಲ."

"ಅದಕ್ಕೇ ಹೇಳಬ್ಯಾಡ ಅಂದಿದ್ರು. ನೀ ನನ್ನ ಮಗಳು, ಬೀರಪ್ಪ ನಿನಗೇನೂ ಅನ್ನಂಗಿಲ್ಲ ಅಂದ್ರು. ನಾ ಧೋತರದಾಗ ಕಟಗೊಂಡು ಒಯ್ದೆ. ಸುಗಂಧಾನ ಅಪ್ಪಗ ಬಿಟ್ರ ಯಾರಿಗೂ ಹೇಳಿಲ್ಲ."

"ತಂದ ಮ್ಯಾಲ ಬಿಸಲಿಗಿ ಹಾಕಿದ್ದೇನು?"

"ಹ್ಯಾಂಗ ಹಾಕ್ಲ್ರಿ? ದೇವರ ಕಂಬಳಿ ಅಂಗಳದಾಗ ಹರವಂಗಿಲ್ಲ. ಮಂದಿ ನೆರಳ ಅದರ ಮ್ಯಾಲ ಬೀಳಬಾರದು. ಉಮಾಬಾಯಿ ಎರಡ ದಿನ ಬಿಸಲ ಬೇಕೇ ಬೇಕು ಅಂದಿದ್ಲು. ನಾ ನಾಕ ಮಡಿಕಿ ಮಾಡಿ ಗೂಟಕ್ಕ ಹಾಕಿಬಿಟ್ಟೆ." ಅವಳು ಜಯಮಾಲಾಳ ಮುಖವನ್ನೇ ದಿಟ್ಟಿಸಿದಳು. "ಅದರಿಂದೇ ಸತ್ರೇನ್ರಿ ಮಾವ? ನಾನೇ ಕೊಂದೆನೇನು?"

ಜಯಮಾಲಾ ಚೀಲ ಹೆಗಲಿಗೇರಿಸಿ ಎದ್ದಳು. ಬೂಸ್ಟಿನ ಮೂಲ ಸಿಕ್ಕಿತ್ತು, ಆದರೆ ಅದನ್ನು ಪಂಚರ ಮುಂದೆ ಬಾಯಿಬಿಟ್ಟರೆ ಅನುಸೂಯಾಳ ಕಥೆ ಅಲ್ಲಿಗೇ ಮುಗಿದಂತೆ. ಮುಟ್ಟಬಾರದ್ದನ್ನು ಮುಟ್ಟಿದಳು, ಮಾವನನ್ನು ಕೊಂದಳು, ಮಗಳನ್ನು ಬಿಟ್ಟು ನಡಿ ಎನ್ನುತ್ತಾರೆ. ಬಾಯಿ ಬಿಡದಿದ್ದರೂ ಕಥೆ ಅಷ್ಟೇ.

ವಾಪಸು ಬರುವಾಗ ಇನ್ನೊಂದು ಮಾತು ಅವಳನ್ನು ಕೊರೆಯುತ್ತಿತ್ತು. ದಸರಾದಲ್ಲಿ ಹಸಿ ಗಂಜಿ, ಸರಿ. ಮಡಚಿಟ್ಟರೂ ಅದು ಹೆಚ್ಚೆಂದರೆ ಇಪ್ಪತ್ತು ದಿನಕ್ಕೆ ಒಣಗಲೇಬೇಕು. ಒಣಗಿದ ಮೇಲೆ ಬೂಸ್ಟು ಬೆಳೆಯುವುದಿಲ್ಲ. ಆದರೆ ಎಂಟು ದಿನದ ಹಿಂದೆ ಅವಳು ಎಣಿಸಿದ ಸಾವಿರದ ನೂರೂ ಹೊಸ ಬೆಳೆ. ಪುಷ್ಯ ಮಾಸದಲ್ಲಿ ಅದಕ್ಕೆ ನೀರು ಎಲ್ಲಿಂದ ಸಿಗುತ್ತಿತ್ತು?

ಅಂಗಳದಲ್ಲಿ ಆಗಲೇ ಚಾಪೆ ಹಾಸಿತ್ತು. ನಾಲ್ಕು ಜನ ಹಿರಿಯರು. ನಡುವೆ ಕೂತವನು ಗುರುಲಿಂಗ, ಅಮೃತಪ್ಪನ ದಾಯಾದಿ ತಮ್ಮ, ಎಪ್ಪತ್ತರ ಹತ್ತಿರದವನು. ಅಮೃತಪ್ಪ ಹಾಸಿಗೆ ಹಿಡಿದಾಗಿನಿಂದ ಬೀರಪ್ಪನ ಪೂಜೆ ಅವನೇ ನೋಡಿಕೊಳ್ಳುತ್ತಿದ್ದ. ಹಣೆಗೆ ಭಂಡಾರ, ಕೈಗಳೂ ಮಣಿಕಟ್ಟಿನವರೆಗೆ ಅರಿಶಿನದ ಹಳದಿ. ಬೆಳಗ್ಗೆ ಇಡೀ ಓಣಿಯಲ್ಲಿ ಅವಳಿಗೆ ಚಹಾ ಬೇಕೇನೆಂದು ಕೇಳಿದವನು ಇವನೊಬ್ಬನೇ. ಅದಕ್ಕೇ ಅವನ ಮೇಲೆ ಅವಳಿಗೆ ಒಂದಿಷ್ಟು ಭರವಸೆಯೂ ಇತ್ತು.

"ಕೂಡ್ರಿ ಬಾಯಾರ. ದಣದೀರಿ," ಅಂದ ಗುರುಲಿಂಗ. "ನಿಮ್ಮ ಮಶೀನ್ ಏನಂತದ?"

ಅವಳಿಗಿಂತ ಮುಂಚೆ ವೈಜನಾಥ ಬಾಯಿ ಹಾಕಿದ. "ಹವಾ ಸ್ವಚ್ಛ ಅದ ಕಾಕಾ. ಅನುಸೂಯಾ ಹೋದ್ಲು, ಹವಾ ಸ್ವಚ್ಛ ಆತು. ಇದೇ ಬಾಯಿ ಹೇಳ್ಯಾಳ. ಕೇಳ್ರಿ ಬೇಕಾರ."

"ಆಕಿ ಹೋದದ್ದಕ್ಕಲ್ಲ," ಅಂದಳು ಜಯಮಾಲಾ. "ಕಂಬಳಿ ಹೋದದ್ದಕ್ಕ."

ವೈಜನಾಥ ಅವಳತ್ತ ತಿರುಗಿದ.

"ಯಾವ ಕಂಬಳಿ?"

"ನಿಮ್ಮಪ್ಪನ ಕಂಬಳಿ. ಎಂಟ ದಿನದ ಹಿಂದ ಗೂಟದ ಮ್ಯಾಲ ಇತ್ತು. ಫೋಟೋ ಅದ, ನೋಡ್ರಿ. ಈಗಿಲ್ಲ. ಆ ಕಂಬಳಿ ತುಂಬ ಬುರಶಿ ಬೆಳದಿತ್ತು. ಅದರ ಬೀಜ ಹವಾದಾಗ ಹಾರಿ ದಿನಾ ಮುತ್ಯಾನ ಎದಿಯಾಗ ಹೊಕ್ಕದ. ಈಗ ಅದು ಎಲ್ಲದ?"

ವೈಜನಾಥ ಎದ್ದೇಬಿಟ್ಟ. "ಬೀರಪ್ಪನ ಕಂಬಳಿಗಿ ಹೊಲಸ ಅಂತೀಯೇನು? ನಮ್ಮಪ್ಪ ಅದರ ಬುಡಕ ಬದುಕಿ ಬಂದಾನ, ಆ ಕಂಬಳಿ ನಮ್ಮಪ್ಪನ್ನ ಕೊಲ್ತದ? ಮಾತ ನೋಡಿ ಆಡು!"

"ಕಂಬಳಿ ಕೊಲ್ಲಂಗಿಲ್ಲ ಅಣ್ಣಾ. ಅದಕ್ಕ ಹುಣಸಿ ಬೀಜದ ಗಂಜಿ ಹಚ್ಚ್ಯಾರ. ಹಸಿ ಇಟ್ಟಾರ. ಅದು ಕೊಲ್ತದ."

"ಯಾರ್ ಹಚ್ಚ್ಯಾರ?"

ಗುರುಲಿಂಗ ಮೆಲ್ಲಗೆ ನಕ್ಕ.

"ಗಂಜಿ ಹಚ್ಚಿದ ಕಂಬಳಿ ಹಸಿ ಇಟ್ರ ಬುರಶಿ ಬರ್ತದ ಅಂತ ಹೇಳಲಿಕ್ಕ ಮಶೀನ್ ಯಾಕ್ರಿ ಬೇಕು? ನಮ್ಮ ಮಂದಿ ಸಣ್ಣ ಕೂಸಿಗೂ ಗೊತ್ತದ ಅದು. ಗೊತ್ತಿದ್ದೂ ಯಾರೋ ಮಾಡ್ಯಾರ ಅಂದ್ರ, ಬೇಕಂತ ಮಾಡ್ಯಾರ. ಹೌದಲ್ಲ?" ಅವನು ಉಳಿದ ಮೂವರ ಕಡೆ ತಿರುಗಿದ. "ಹಳೇ ಊರಾಗ ಪೂಜಾರಿಕಿ ನಮ್ಮಪ್ಪನ ಮನ್ಯಾಗ ಇತ್ತು. ಆವಾಗ ದೇವರ ಕಂಬಳಿಗಿ ಹಿಂಥಾದ್ದು ಎಂದೂ ಆಗಿಲ್ಲ. ಆ ಖೋಲಿಗಿ ದಿನಾ ಹೋಗಿ ಬರ್ತಿದ್ದ ಹೆಂಗಸು ಯಾಕಿ ಅಂತ ನಾ ಹೇಳಬೇಕಾಗಿಲ್ಲ."

ಮೂವರೂ ತಲೆಯಾಡಿಸಿದರು. ಜಯಮಾಲಾಳದೇ ಸಾಕ್ಷಿ ಎರಡನೇ ಸಲ ತಿರುಗಿ ಬಿದ್ದಿತ್ತು.

ಆಗ ಒಳಗಿನಿಂದ ಕೆಮ್ಮು ಕೇಳಿತು.

ಸಣ್ಣ ಕೆಮ್ಮು, ಒಣ ಕೆಮ್ಮು. ಒಂದಾದ ಮೇಲೊಂದು, ನಡುವೆ ಉಸಿರಿಗೆ ಜಾಗವೇ ಇಲ್ಲದಂತೆ. ಹದಿನಾಲ್ಕು ತಿಂಗಳ ಕೂಸಿನದು.

ಬಾಗಿಲಲ್ಲಿ ನಿಂತಿದ್ದ ಶಿವಕಾಂತಾ ಒಳಗೋಡಿದಳು. ಜಯಮಾಲಾ ಎದ್ದು ಹೊಸ್ತಿಲಿಗೆ ಬಂದು ನಿಂತಳು. "ಎಷ್ಟ ದಿನ ಆತು ಕೂಸಿಗಿ ಕೆಮ್ಮ ಹತ್ತಿ?"

"ನಾಕ ದಿನಾರಿ. ಥಂಡಿ ಆಗ್ಯಾದ."

"ತೊಟ್ಟಲದಾಗ ಏನ್ ಹಾಸೀರಿ?"

ಶಿವಕಾಂತಾ ಸೆರಗು ಕಣ್ಣಿಗೆ ಒತ್ತಿಕೊಂಡಳು.

"ಹೇಳ್ರಿ!"

"ದೇವರ ಕಂಬಳಿ. ತಾಯಿದು ಭಾನಾಮತಿ ಕೂಸಿಗಿ ತಾಕಬಾರದಂತ… ಆಕಿನ ಹೊರಗ ಹಾಕಿದ ದಿನಾನೇ ತೊಟ್ಟಲದಾಗ ಹಾಸಿಸಿದೆ. ನಾ ಮುಟ್ಟಿಲ್ರಿ. ಗುರುಲಿಂಗ ಕಾಕಾನೇ ತಂದು ಹಾಸಿದ್ರು."

ಅಂಗಳದ ಗೇಟು ದಢಾರನೆ ಬಡಿಯಿತು. ಅನುಸೂಯಾ! ಶೆಡ್ಡಿನಿಂದ ಹಿಂದೆಯೇ ಬಂದು ಗೇಟಿನಾಚೆ ನಿಂತಿದ್ದಳು ಅಂತ ಕಾಣುತ್ತದೆ. ಯಾರಾದರೂ ತಡೆಯುವ ಮೊದಲೇ ಚಾಪೆಯ ಮುಂದೆ ಬಂದು ಬಿದ್ದಳು.

"ಕಾಕಾ, ಕಾಲ ಬೀಳ್ತೀನಿ. ಆ ಕಂಬಳಿ ನನ್ನ ಕೂಸಿನ ಬುಡಕಿಂದ ತಗೀರಿ! ನಾನೇ ಅದು ಗುಂಜೋಟಿಗಿ ಒಯ್ದೀನಿ, ನಾನೇ ಗಂಜಿ ಹಚ್ಚಿಸೀನಿ, ನಾನೇ ಹಸೀದು ಮಡಚಿ ಹಾಕೀನಿ. ತಪ್ಪ ನಂದು. ನನ್ನ ಈಗಿಂದೀಗ ಕಳಸ್ರಿ, ತವರಿಗಿ ಹೋಗ್ತೀನಿ, ಮತ್ತ ಈ ಕಡಿ ಬರಂಗಿಲ್ಲ. ಕೂಸ ನಿಮ್ಮ ಹಂತ್ಯಾಕೇ ಇರ್ಲಿ. ಆದ್ರ ಅದು ಮೊದಲ ತಗೀರಿ!"

ಉಳಿಸಿಕೊಳ್ಳಬೇಕಾದದ್ದೆಲ್ಲವನ್ನೂ ಹುಡುಗಿ ತನ್ನ ಬಾಯಿಂದಲೇ ಕಳೆದುಕೊಂಡಳು. ಪಂಚರು ಒಬ್ಬರ ಮುಖ ಒಬ್ಬರು ನೋಡಿದರು.

"ಕೇಳಿದ್ರಲ್ಲ," ಅಂದ ಗುರುಲಿಂಗ. "ತಾನಾಗೇ ಒಪಗೊಂಡಾಳ. ಇನ್ನೇನ್ ಉಳೀತು?"

ಜಯಮಾಲಾ ಅದಕ್ಕೆ ಕಿವಿ ಕೊಡಲಿಲ್ಲ. ಒಳಗೆ ಹೋಗಿ ಕೂಸನ್ನು ಎತ್ತಿ ಶಿವಕಾಂತಾಳ ಕೈಗೆ ಕೊಟ್ಟಳು. ಮೇಲಿನ ಗೋಧಡಿ ತೆಗೆದಳು. ಅದರಡಿಯಲ್ಲಿ ಕಪ್ಪು ಕಂಬಳಿ, ನಾಲ್ಕು ಮಡಿಕೆ.

"ಏ! ಮುಟ್ಟಬ್ಯಾಡ!" ವೈಜನಾಥ ಹೊಸ್ತಿಲಲ್ಲೇ ಕೂಗಿದ.

ಅವಳು ಮಡಿಕೆಯ ಒಳಗೆ ಕೈಯಿಟ್ಟಳು.

ಕಂಬಳಿ ಒದ್ದೆಯಾಗಿತ್ತು.

ಕೂಸಿನ ಒದ್ದೆಯಲ್ಲ, ಗೋಧಡಿ ಒಣಗಿತ್ತು. ಮಡಿಕೆಯ ಒಳಗೆ ತಣ್ಣಗೆ, ಇವತ್ತು ಬೆಳಗ್ಗೆ ಹಾಕಿದ ನೀರಿನ ಒದ್ದೆ. ಕೈ ತೆಗೆದು ಬೆಳಕಿಗೆ ಹಿಡಿದಳು. ಅಂಗೈ ಹಳದಿಯಾಗಿತ್ತು.

ಅವಳು ಆದಷ್ಟು ಮೆತ್ತಗೆ ಕೇಳಿದಳು. "ಶಿವಕಾಂತಾಬಾಯಿ, ಇದಕ್ಕ ನೀರ್ ಹಾಕಿದವರ್ಯಾರು?"

"ನೀರಲ್ರಿ, ತೀರ್ಥ. ಭಂಡಾರದ ತೀರ್ಥ. ಕಾಕಾ ದಿನಾ ಮುಂಜಾನಿ ಬಂದು ಹಾಕಿ ಹೋಗ್ತಾರ, ಕೂಸಿಗಿ ಏನೂ ಆಗಬಾರದಂತ."

"ಮುತ್ಯಾ ಇದ್ದಾಗ?"

"ಆವಾಗೂ ಹಾಕ್ತಿದ್ರು. ಗೂಟದ ಮ್ಯಾಲಿದ್ದಾಗ. ಮಾವ ಬಿದ್ದಾಗಿಂದ ಒಂದಿನಾನೂ ತಪ್ಪಿಸಿಲ್ಲ."

ಜಯಮಾಲಾ ಕಂಬಳಿ ಎತ್ತಿಕೊಂಡೇ ಅಂಗಳಕ್ಕೆ ಬಂದಳು. ಯಾರೂ ಈಗ ಮುಟ್ಟಬ್ಯಾಡ ಅನ್ನಲಿಲ್ಲ.

"ಅನುಸೂಯಾ ಗಂಜಿ ಹಚ್ಚಿಸ್ಯಾಳ, ಖರೇ. ಮುತ್ಯಾನೇ ಹೇಳಿ ಹಚ್ಚಿಸ್ಯಾನ. ಆದ್ರ ಅದು ದಸರಾದಾಗ. ಎಂಟ ದಿನ ಆತು, ಆಕಿ ಈ ಹೊಸ್ತಲಾ ತುಳದಿಲ್ಲ. ಮಳಿ ಇಲ್ಲ. ಕಂಬಳಿ ಇವತ್ತು ಹಸಿ ಅದ." ಅವಳು ಹಳದಿ ಅಂಗೈಯನ್ನು ಪಂಚರತ್ತ ಚಾಚಿದಳು. "ಈಗ ಹೇಳ್ರಿ."

ಎಲ್ಲರ ಕಣ್ಣೂ ಗುರುಲಿಂಗನ ಕೈಗಳ ಮೇಲೆ ಬಿದ್ದವು. ಅವನು ಅವನ್ನು ಮೆಲ್ಲಗೆ ಧೋತರದ ಮರೆಗೆ ಎಳೆದುಕೊಂಡ. ಎದ್ದು ನಿಂತ.

"ಹೆಂಗಸರ ಕೈ ಹತ್ತಿ ಕಂಬಳಿ ಮೈಲಿಗಿ ಆಗ್ಯಾದ. ಇತ್ತ ಕೊಡ್ರಿ. ಈಗೇ ಹೊಳಿಗಿ ಬಿಟ್ಟ ಬರ್ತೀನಿ."

ಅವನು ಕೈ ಚಾಚುವುದರೊಳಗೆ ವೈಜನಾಥ ಅಂಗಳ ದಾಟಿ ಹೋಗಿ ಗೇಟಿನ ಅಗಳಿ ಹಾಕಿದ. ತಿರುಗಿ ಅದಕ್ಕೆ ಬೆನ್ನು ಕೊಟ್ಟು ನಿಂತ.

"ಕೂಡ್ರಿ ಕಾಕಾ. ಗಂಜಿ ಹಚ್ಚಿದ್ದು ಹಸಿ ಇಡಬಾರದಂತ ಸಣ್ಣ ಕೂಸಿಗೂ ಗೊತ್ತದ ಅಂದ್ರಿ. ಈಗೇ ಅಂದ್ರಿ. ದಿನಾ ಕೈಯಾಗ ಹಿಡೀತಿದ್ರಲ್ಲ, ನಿಮಗ ಗೊತ್ತಾಗಲಿಲ್ಲೇನು?"

ಶಿವಕಾಂತಾ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಅಳುತ್ತಲೇ ಬಂದು ಕೂಸನ್ನು ಅನುಸೂಯಾಳ ಮಡಿಲಿಗೆ ಹಾಕಿದಳು. ಕೂಸು ತಾಯಿಯ ಕುತ್ತಿಗೆಗೆ ಬಿಗಿಯಾಗಿ ಅಂಟಿಕೊಂಡು ಇನ್ನೊಮ್ಮೆ ಕೆಮ್ಮಿತು. ಅನುಸೂಯಾ ಅದರ ಬೆನ್ನು ತಟ್ಟತೊಡಗಿದಳು.

ಗುರುಲಿಂಗ ನಿಧಾನವಾಗಿ ಚಾಪೆಯ ಮೇಲೆ ಕೂತ. ಹೆದರಿದವನ ಹಾಗೆ ಕಾಣಲಿಲ್ಲ, ದಣಿದವನ ಹಾಗೆ ಕಂಡ.

"ಹಾಕೀನಿ. ಇಲ್ಲಂತ ಎಲ್ಲಿ ಅಂದೆ?" ಅವನು ವೈಜನಾಥನ ಕಡೆ ನೋಡಲಿಲ್ಲ, ಜಯಮಾಲಾಳ ಕಡೆಯೂ ನೋಡಲಿಲ್ಲ. "ಆದ್ರ ನನ್ನ ಕೇಳೂಕಿಂತ ಮೊದಲ ನಿನ್ನ ತಮ್ಮಗ ಫೋನ್ ಹಚ್ಚು ವೈಜ್ಯಾ. ದಸರಾ ಮುಗಿಸಿ ಕುರಿ ಹೊಡಕೊಂಡು ಹೋಗೂ ದಿನ ಧೂಳಪ್ಪ ನನ್ನ ಮನಿಗಿ ಬಂದಿದ್ದ. ದಿನಾ ಕಂಬಳಿಗಿ ತೀರ್ಥ ಹಾಕ್ರಿ ಕಾಕಾ, ಒಂದಿನಾನೂ ತಪ್ಪಸಬ್ಯಾಡ್ರಿ, ನಾ ಹೇಳೀನಂತ ಯಾರಿಗೂ ಹೇಳಬ್ಯಾಡ್ರಿ ಅಂತ ನನ್ನ ಕಾಲ ಮುಟ್ಟಿ ಹೇಳಿ ಹೋದಂವಾ ಅಂವಾ."

ಗಂಜಿಯ ಸಂಗತಿ ಅನುಸೂಯಾ ಹೇಳಿದ್ದು ಅವನೊಬ್ಬನಿಗೇ. ಕೂಸಿನ ಬೆನ್ನು ತಟ್ಟುತ್ತಿದ್ದ ಅವಳ ಕೈ ನಿಂತುಬಿಟ್ಟಿತು.